ಎಂಟು ಗಂಟೆಯ ದುಡಿಮೆ, ಹನ್ನೊಂದು ಗಂಟೆಯ ದಿನ

ಮುಂಬಯಿಯ ಲೋಕಲ್ ರೈಲನ್ನು ಆ ನಗರದ ಜೀವನಾಡಿ ಎಂದು ಕೊಂಡಾಡುವುದು ವಾಡಿಕೆಯಾಗಿದೆ. ಆ ನಾಡಿಯಲ್ಲಿ ಯಾರ ರಕ್ತ ಹರಿಯುತ್ತಿದೆ ಎಂದು ಕೇಳುವವರು ಮಾತ್ರ ಕಡಮೆ. ಹೋಟೆಲು, ಗಿರಣಿ, ಬಂದರುಗಳ ಕೆಲಸಕ್ಕೆಂದು ನಮ್ಮ ನಾಡಿನಿಂದ ಅಲ್ಲಿಗೆ ಹೋದವರು ಅಸಂಖ್ಯ. ಆದುದರಿಂದ ಇದು ಪರವೂರಿನ ಸಂಗತಿಯೆಂದು ನಾವು ಸುಮ್ಮನಿರಲಾಗದು.

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. 1925ರ ಫೆಬ್ರವರಿ 3ರಂದು ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಹೊರಟಿತು. ಇಂದು ಡಹಾಣೂ, ಕಸಾರಾ, ಖೋಪೋಲಿ, ಪನ್ವೇಲಿಗಳವರೆಗೆ ಹಬ್ಬಿರುವ ಈ ಜಾಲದಲ್ಲಿ ದಿನಕ್ಕೆ ಸುಮಾರು 3,000 ಗಾಡಿಗಳ ಓಡಾಟವಿದೆ. ಕೆಲಸದ ವೇಳೆಯಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಮಂದಿ ನಿಲ್ಲುತ್ತಾರೆ. ಸಂತೆಗೆ ಕುರಿ ಸಾಗಿಸುವವನೂ ಇಷ್ಟು ತುಂಬಲು ಹಿಂಜರಿದಾನು.

2023ರಲ್ಲಿ ಈ ಹಳಿಗಳ ಮೇಲೆ 2,590 ಮಂದಿ ಸತ್ತರು. ಜನರನ್ನು ದನಗಳಂತೆ ಸಾಗಿಸುವುದು ನಾಚಿಕೆಗೇಡೆಂದು 2024ರ ಜೂನ್‌ನಲ್ಲಿ ಮುಂಬಯಿ ಹೈಕೋರ್ಟೇ ಹೇಳಿತು. ಮರು ವರ್ಷ ಜೂನ್ 9ರಂದು ಮುಂಬ್ರಾದ ಬಳಿ ಎದುರುಬದುರು ಹಾಯ್ದ ಎರಡು ಗಾಡಿಗಳ ಬಾಗಿಲಲ್ಲಿ ಜೋತುಬಿದ್ದವರು ಉರುಳಿಬಿದ್ದರು. ಕನಿಷ್ಠ ನಾಲ್ವರು ಅಸುನೀಗಿದರು. ಬಾಗಿಲಲ್ಲಿ ನಿಂತದ್ದು ಅವರದೇ ತಪ್ಪೆನ್ನುವ ಬುದ್ಧಿವಂತರಿದ್ದಾರೆ. ಒಳಗೆ ಕಾಲಿಡಲು ಸ್ಥಳವಿಲ್ಲದಾಗ, ತಡವಾದರೆ ಸಂಬಳ ಕಡಿತವಾಗುವಾಗ, ಅವರು ಮತ್ತೆಲ್ಲಿ ನಿಲ್ಲಬೇಕಿತ್ತು?

ಈ ನೂಕುನುಗ್ಗಲು ದೈವಲಿಖಿತವಲ್ಲ. ಒಂದು ಕಾಲಕ್ಕೆ ಪರೇಲ್, ಲಾಲ್‌ಬಾಗ್‌ಗಳ ಗಿರಣಿಯಾಳು ಚಾಳಿನಿಂದ ಗಿರಣಿಗೆ ನಡೆದು ಹೋಗುತ್ತಿದ್ದ. 1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ಭೂಮಿಯಲ್ಲಿ ಮೂರರಲ್ಲೊಂದು ಪಾಲು ನಗರಕ್ಕೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ ಎಂದು 1991ರ ನಿಯಮ ಹೇಳಿತ್ತು. 2001ರಲ್ಲಿ ಅದನ್ನು ತಿದ್ದಿ, ಖಾಲಿ ಜಾಗಕ್ಕೆ ಮಾತ್ರ ಅನ್ವಯವಾಗುವಂತೆ ಮಾಡಲಾಯಿತು. ಮಗ್ಗಗಳಿದ್ದಲ್ಲಿ ಕಚೇರಿಗಳೂ ಮಾಲ್‌ಗಳೂ ಎದ್ದವು. ಗಿರಣಿ ಕಾರ್ಮಿಕರಿಗೆ ಸರ್ಕಾರ ಮನೆ ತೋರಿಸಿದ್ದು ಬದ್ಲಾಪುರದಾಚೆಯ ಶೇಲು, ವಾಂಗಣಿಗಳಲ್ಲಿ! 2025ರ ಜುಲೈಯಲ್ಲಿ ಅವರು ಆಜಾದ್ ಮೈದಾನದಲ್ಲಿ ಸೇರಿ, ಮುಂಬಯಿಯಲ್ಲೇ ಮನೆ ಕೊಡಿ ಎಂದು ಕೇಳಿದ್ದು ನ್ಯಾಯವೇ ಆಗಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಹೋಗಿಬರಲು ದಿನಕ್ಕೆ ಮೂರು ಗಂಟೆ ಹಿಡಿದರೆ, 300 ದಿನಕ್ಕೆ 900 ಗಂಟೆ. ಎಂಟು ಗಂಟೆಯ ಪಾಳಿಯಂತೆ ಎಣಿಸಿದರೆ ಇದು 112 ದಿನಗಳ ದುಡಿಮೆ. ಇದಕ್ಕೆ ಕೂಲಿಯಿಲ್ಲ, ರಜೆಯಿಲ್ಲ. ಹೋರಾಡಿ ಗಳಿಸಿದ ಎಂಟು ಗಂಟೆಯ ದಿನ ಹಳಿಯ ಮೇಲೆ ಹನ್ನೊಂದಾಗಿದೆ. 1974ರ ಮೇಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ರೈಲ್ವೆ ನೌಕರರು 20 ದಿನ ಮುಷ್ಕರ ನಡೆಸಿದಾಗ, ರೈಲು ಓಡಿಸುವವರಿಗೆ ಎಂಟು ಗಂಟೆಯ ದುಡಿಮೆ ಎಂಬುದು ಅವರ ಬೇಡಿಕೆಗಳಲ್ಲೊಂದು. ಓಡಿಸುವವನ ಬೇಡಿಕೆಯೂ ಜೋತುಬೀಳುವವನ ಸಂಕಟವೂ ಒಂದೇ ಬೇರಿನವು.

ಟಿಕೆಟು ಅಗ್ಗ, ರೈಲ್ವೆಗೆ ನಷ್ಟ, ದರ ಏರಿಸದೆ ಸುಧಾರಣೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಈ ಪ್ರಯಾಣದ ಲಾಭ ಯಾರಿಗೆ ಎಂಬುದನ್ನು ಮೊದಲು ನೋಡಲಿ. ಕೆಲಸಗಾರ ಬಂದರೆ ತಾನೆ ಮಾಲೀಕನ ಕಾರ್ಖಾನೆ, ಕಚೇರಿ ನಡೆಯುವುದು? ನಿಲ್ದಾಣ ಹತ್ತಿರವಿದ್ದರೆ ತಾನೆ ಜಮೀನುದಾರನ ನಿವೇಶನಕ್ಕೆ ಬೆಲೆ ಬರುವುದು? ಅವರಿಂದ ತೆರಿಗೆ ವಸೂಲು ಮಾಡಲಿ. ಸಾಮಾನಿನ ಡಬ್ಬಿಯಲ್ಲಿ ಬುಟ್ಟಿಯೊಡನೆ ನಿಂತು ಬರುವ ಮೀನುಗಾರ್ತಿಯ, ಸಣ್ಣ ವ್ಯಾಪಾರಿಯ ಗಂಟಿಗೆ ಕೈಹಾಕುವುದು ಬೇಡ.

2017ರ ಡಿಸೆಂಬರಿನಲ್ಲಿ ತಾನೇ ಬಾಗಿಲು ಮುಚ್ಚಿಕೊಳ್ಳುವ ಹವಾನಿಯಂತ್ರಿತ ಲೋಕಲ್ ಬಂದಿತು. ಅದರ ದರ ಬೇರೆ. 2022ರ ಆಗಸ್ಟಿನಲ್ಲಿ ಕಳವಾ, ಬದ್ಲಾಪುರಗಳ ಪ್ರಯಾಣಿಕರು ಇದನ್ನು ಪ್ರತಿಭಟಿಸಿದ್ದು ತಂಪಿನ ಮೇಲಿನ ಸಿಟ್ಟಿನಿಂದಲ್ಲ, ತಮ್ಮ ಸಾಮಾನ್ಯ ಗಾಡಿ ಕೈಬಿಟ್ಟುಹೋಯಿತೆಂಬ ಸಂಕಟದಿಂದ. ಮುಂಬ್ರಾದ ದುರಂತದ ನಂತರ ಹೊಸ ಗಾಡಿಗಳಿಗೆಲ್ಲ ಮುಚ್ಚುವ ಬಾಗಿಲು ಕೊಡುವೆವೆಂದು ರೈಲ್ವೆ ಸಾರಿತು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಎರಡನೆಯ ದರ್ಜೆಯ ಟಿಕೆಟಿಗೇ ಆ ಬಾಗಿಲು ಮುಚ್ಚಬೇಕು. ಹಳಿ ದಾಟಿ ಸಾಯುವುದನ್ನು ತಪ್ಪಿಸಲು ಅಗಲವಾದ ಮೇಲ್ಸೇತುವೆಗಳು ಬೇಕು. ದುಡಿಯುವವನಿಗೆ ದುಡಿಮೆಯ ಹತ್ತಿರವೇ ಮನೆ ಬೇಕು. ಈ ಮೂರನ್ನೂ ಕೇಳುವುದು ಕಾರ್ಮಿಕ ಸಂಘಗಳ ಕರ್ತವ್ಯ. ಕೂಲಿಯ ಬೇಡಿಕೆಯೊಂದಿಗೇ ದಾರಿಯ ಬೇಡಿಕೆಯೂ ಇರಲಿ.