ಕೋಸಿಗೆ ರಂಗೋಲಿ, ರೈತನ ಜೇಬಿಗೆ ಕತ್ತರಿ

ಕದರಮಂಡಲಗಿ ಎಂದ ಕೂಡಲೇ ನೆನಪಾಗುವುದು ಕಾಂತೇಶ, ಆಮೇಲೆ ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚಿಯ ಮುದ್ರೆ ಬಿದ್ದ ಮೇಲಂತೂ ಮೆಣಸಿನ ಗಿಡಕ್ಕೆ ನುಸಿ ಬಿದ್ದರೆ ಊರೂರಲ್ಲಿ ಸುದ್ದಿ, ಸಭೆ, ಸಲಹೆ. ಆದರೆ ಬೋರಿನ ನೀರು ನಂಬಿ ಅರ್ಧ ಎಕರೆ ಕೋಸು, ನಾಲ್ಕು ಮಡಿ ಮೂಲಂಗಿ ಹಾಕಿಕೊಂಡವನನ್ನು ಕೇಳುವವರು ಯಾರು? ಒಬ್ಬನೇ ಒಬ್ಬ, ಎಣ್ಣಿ ಅಂಗಡಿಯವನು.

"ಸಾವ್ಕಾರ್ರ, ಎಲಿ ಮ್ಯಾಲ ರಂಗೋಲಿ ಬಿದ್ದೈತ್ರಿ, ಏನಾರ ಕೊಡ್ರಿ" ಅಂದರೆ ಸಾಕು. "ಇದನ್ನ ಹೊಡಿ ಕಾಕಾ, ಜೋಡಿಗೆ ಇದೊಂದು ಇರಲಿ" ಎಂದು ಎರಡು ಬಾಟಲಿ ಕೈಗೆ ಬರುತ್ತವೆ. ಉದ್ರಿಯಾದರೆ ಚೀಟಿಯೂ ಇಲ್ಲ.

ಈ ರಂಗೋಲಿ ಹಾಕುವುದು ಎರಡು ಮಿಲಿಮೀಟರು ಉದ್ದದ, ಕಪ್ಪು-ಹಳದಿ ಬಣ್ಣದ ಒಂದು ನೊಣದ ಮರಿ. ಹೆಣ್ಣು ನೊಣ ಎಲೆಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿಹುಳು ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆದು ಹಸಿರು ತಿನ್ನುತ್ತ ಹೋಗುತ್ತದೆ. ಹುಳ ಬಲಿತ ಹಾಗೆ ಬಿಳಿ ಗೀರೂ ಅಗಲವಾಗುತ್ತದೆ. ಸುಮಾರು ವಾರದಲ್ಲಿ ಎಲೆ ಸೀಳಿ ಮಣ್ಣಿಗೆ ಬಿದ್ದು ಕೋಶ ಕಟ್ಟುತ್ತದೆ.

ಎಲೆಯೊಳಗೆ ಬೆಚ್ಚಗೆ ಕೂತ ಈ ಹುಳಕ್ಕೆ ಮೇಲೆ ಸಿಂಪಡಿಸಿದ ಬಹಳಷ್ಟು ಎಣ್ಣಿ ತಾಗುವುದೇ ಇಲ್ಲ. ತಾಗುವುದು ಆ ಹುಳವನ್ನೇ ಹುಡುಕಿ ಅದರ ಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಪುಟ್ಟ ಕಣಜಗಳಿಗೆ. ಕಾವಲುಗಾರನನ್ನು ಕೊಂದು ಕಳ್ಳನನ್ನು ಸಾಕಿದ ಹಾಗಾಯಿತು! ಇದರ ದಾಯಾದಿ, ಅಮೆರಿಕದ ರಂಗೋಲಿ ನೊಣದ ಕಥೆಯೂ ಇದೇ. 1970ರ ದಶಕದಲ್ಲಿ ಫ್ಲಾರಿಡಾದಿಂದ ಸೇವಂತಿಗೆ ಕಡ್ಡಿಗಳ ಜೊತೆ ಕೀನ್ಯಾಕ್ಕೆ ಹೋಯಿತು, 1990ರ ದಶಕದ ಆರಂಭದಲ್ಲಿ ಭಾರತಕ್ಕೂ ಬಂದು ಟೊಮೆಟೊ ಗಿಡಗಳನ್ನು ಹಿಡಿಯಿತು. ಎಣ್ಣಿ ಹೊಡೆದಷ್ಟೂ ಅದು ಜಗ್ಗದ ಹುಳವಾಯಿತು.

ಇನ್ನು ಕೋಸಿನ ಲೆಕ್ಕ ನೋಡಿ. ಗೀರು ಬೀಳುವುದು ಹೆಚ್ಚಾಗಿ ಹೊರಗಿನ ಎಲೆಗೆ. ಪೇಟೆಗೆ ಹೋಗುವ ಗಡ್ಡೆಗೆ ಅದರಿಂದ ಅಂಥ ಧಕ್ಕೆಯಿಲ್ಲ. ಕೊಯ್ಯುವಾಗ ಹೊರ ಎಲೆ ಹೇಗೂ ಕಿತ್ತು ಒಗೆಯುವುದೇ. ಒಗೆಯುವ ಎಲೆಗೆ ಸಾವಿರಾರು ರೂಪಾಯಿಯ ಎಣ್ಣಿ! ಅದೇ ಎಲೆ ಆಮೇಲೆ ಹಿತ್ತಲಲ್ಲಿ ಕಟ್ಟಿದ ಎಮ್ಮೆಯ ಮುಂದೆ ಬೀಳುತ್ತದೆ. ಎಮ್ಮೆಯ ಹಾಲು ಯಾರ ಮನೆಯ ಕೂಸಿಗೆ ಹೋಗುತ್ತದೆ ಎಂಬುದನ್ನು ಅಂಗಡಿಯವನು ಹೇಳುವುದಿಲ್ಲ.

ಎಳೆ ಸಸಿಯ ಮಾತು ಬೇರೆ. ಸೊಪ್ಪನ್ನೇ ಮಾರುವ ಮೂಲಂಗಿ, ಸಾಸಿವೆಯ ಮಾತೂ ಬೇರೆ. ಅಲ್ಲಿ ಗೀರು ಬಿದ್ದರೆ ನಷ್ಟ ಖರೆ. ಅದಕ್ಕೂ ಮೊದಲ ಮದ್ದು, ಗೀರು ಬಿದ್ದ ಎಲೆ ಚಿವುಟಿ ಸುಡುವುದು. ಹೆಚ್ಚಾದರೆ ಲೀಟರು ನೀರಿಗೆ 40 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ ನೆನೆಹಾಕಿ, ಸೋಸಿ ಹೊಡೆಯುವುದು. ಬೇವಿನ ಗಿಡವಿಲ್ಲದ ಊರು ಈ ಸೀಮೆಯಲ್ಲಿ ಯಾವುದಿದೆ?

ಕೋಸಿನ ನಿಜವಾದ ವೈರಿ ವಜ್ರಬೆನ್ನಿನ ಪತಂಗ. ಅದಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಹಾಕಿರಿ, ಪತಂಗ ಸಾಸಿವೆಗೆ ಹೋಗುತ್ತದೆ ಎಂದು ತೋರಿಸಿ ಮೂರು ದಶಕ ದಾಟಿತು. ಎಣ್ಣಿ ಅಂಗಡಿಯ ಹೆಸರು ಮಾತ್ರ ಪ್ರತಿ ಊರಿಗೂ ಮುಟ್ಟಿದೆ.

ಕೃಷಿ ವಿಜ್ಞಾನ ಕೇಂದ್ರ ದೂರವೇನಿಲ್ಲ, ರಾಣೆಬೆನ್ನೂರಿನ ಹತ್ತಿರ ಹನುಮನಮಟ್ಟಿಯಲ್ಲೇ ಇದೆ. ಹುಳದ ಚಿತ್ರ ಬರೆದ ಒಂದು ಫಲಕವನ್ನು ಪಂಚಾಯಿತಿ ಕಟ್ಟೆಗೆ, ಇನ್ನೊಂದನ್ನು ಶನಿವಾರ ಜನ ಸೇರುವ ಗುಡಿಯ ಹಾದಿಗೆ ಹಾಕಲು ಖರ್ಚೆಷ್ಟು? 1968ರ ಕೀಟನಾಶಕ ಕಾಯ್ದೆಯಂತೆ ಲೈಸೆನ್ಸು ಪಡೆದ ಅಂಗಡಿಗಳು ಬಿಲ್ಲು ಕೊಡುತ್ತಿವೆಯೇ ಎಂದು ತಾಲೂಕಿನ ಅಧಿಕಾರಿಗಳು ಒಮ್ಮೆ ಇಳಿದು ನೋಡಲಿ. ನಾಟಿ ಮುಗಿದ ಮೇಲೆ ಬಂದು ಭಾಷಣ ಮಾಡುವುದು ಬೇಡ, ಸಸಿ ಮಡಿಯಲ್ಲಿರುವಾಗಲೇ ಬರಲಿ.