ಕಾರ್ಡು ಇದೆ, ಆಸ್ಪತ್ರೆ ಎಲ್ಲಿದೆ?



ಮನೆಭೇಟಿಗೆ ಹೋಗಿದ್ದಾಗ ಹಿರಿಯ ತಾಯಿಯೊಬ್ಬರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಟ್ಟಿದ್ದ ಆರೋಗ್ಯ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದು ನಮಗೆ ತೋರಿಸಿದರು. "ಫಾದರ್, ಇದರಲ್ಲಿ ಐದು ಲಕ್ಷ ಇದೆಯಂತೆ. ಆದರೆ ನನ್ನ ಪ್ರೆಶರಿನ ಮಾತ್ರೆಗೆ ಒಂದು ರೂಪಾಯಿಯೂ ಸಿಗುವುದಿಲ್ಲವಲ್ಲ?" ಎಂದು ಕೇಳಿದರು. ನಮಗೆ ಆಗ ಸರಿಯಾದ ಉತ್ತರ ಕೊಡಲಾಗಲಿಲ್ಲ. ಇಂದು ಪ್ರಯತ್ನಿಸುತ್ತೇವೆ.

2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆಯಲ್ಲಿ ಬಡ ಕುಟುಂಬವೊಂದು 30 ರೂಪಾಯಿ ಕೊಟ್ಟು ನೋಂದಾಯಿಸಿದರೆ, ಐದು ಮಂದಿಗೆ ಸೇರಿ ವರ್ಷಕ್ಕೆ 30,000 ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತಿತ್ತು. 2018ರಲ್ಲಿ ಆಯುಷ್ಮಾನ್ ಭಾರತ್ ಬಂದಾಗ ಈ ಮಿತಿ ಕುಟುಂಬಕ್ಕೆ 5 ಲಕ್ಷಕ್ಕೇರಿತು. ಕೇರಳದಲ್ಲಿ 2019ರಿಂದ ಅದು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯೊಡನೆ ಸೇರಿ ನಡೆಯುತ್ತಿದೆ. 2024ರಲ್ಲಿ ಕೇಂದ್ರವು 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಿತು.

ಇದು ದೊಡ್ಡ ಆಸರೆಯೇ ಸರಿ. ಹೃದಯದ ಶಸ್ತ್ರಚಿಕಿತ್ಸೆಗೆಂದು ಅಡಿಕೆ ತೋಟ ಅಡವಿಡುವ ಸಂಕಟ ಹಲವರಿಗೆ ತಪ್ಪಿದೆ. ಆದರೆ ಈ ಕಾರ್ಡು ಆಸ್ಪತ್ರೆಯಲ್ಲಿ ಮಲಗಿದವರಿಗೆ ಮಾತ್ರ. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನದ ಖರ್ಚು ಅದರಲ್ಲಿ ಸೇರುತ್ತದೆ. ವರ್ಷವಿಡೀ ನುಂಗುವ ಮಾತ್ರೆ, ಆಗಾಗ ಮಾಡಿಸುವ ರಕ್ತಪರೀಕ್ಷೆ, ಬಸ್ಸು ರಿಕ್ಷಾದ ಬಾಡಿಗೆ ಸೇರುವುದಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇಕಡಾ 64.2 ಇತ್ತು, 2021-22ರಲ್ಲಿ ಶೇಕಡಾ 39.4ಕ್ಕೆ ಇಳಿಯಿತೆಂದು ಸರಕಾರದ ಲೆಕ್ಕ ಹೇಳುತ್ತದೆ. ಇಳಿದರೂ ನೂರರಲ್ಲಿ ಸುಮಾರು ನಲ್ವತ್ತು ರೂಪಾಯಿ ನಮ್ಮ ಜೇಬಿನದೇ.

ಇನ್ನೊಂದು ಪಾಠವನ್ನು ಕಾಸರಗೋಡಿನ ನಾವು 2020ರ ಮಾರ್ಚಿನಲ್ಲಿ ಕಲಿತೆವು. ತಲೆತಲಾಂತರದಿಂದ ಕಾಯಿಲೆ ಎಂದರೆ ನಮಗೆ ಮಂಗಳೂರು. ಕೊರೋನಾ ಕಾಲದಲ್ಲಿ ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ಆಂಬುಲೆನ್ಸುಗಳು ಹಿಂತಿರುಗಿದವು, ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ಮುಟ್ಟಿದ ಮೇಲಷ್ಟೇ ರೋಗಿಗಳಿಗೆ ದಾರಿ ತೆರೆಯಿತು. 2013ರಲ್ಲಿ ಶಿಲಾನ್ಯಾಸವಾಗಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆದದ್ದೂ ಅದೇ ಏಪ್ರಿಲಿನಲ್ಲಿ. ಬಿಲ್ಲು ಕಟ್ಟಲು ಕಾರ್ಡು ಇರಬಹುದು, ಆದರೆ ಹತ್ತಿರದಲ್ಲಿ ಆಸ್ಪತ್ರೆಯನ್ನು ಅದು ಕಟ್ಟಿಕೊಡುವುದಿಲ್ಲ.

ಹಾಗಾದರೆ ಆ ತಾಯಿಗೆ ನಮ್ಮ ಉತ್ತರವೇನು? ಪ್ರೆಶರಿನ ಮಾತ್ರೆ ಇರಬೇಕಾದದ್ದು ಊರಿನ ಆರೋಗ್ಯ ಕೇಂದ್ರದಲ್ಲಿ, ಉಚಿತವಾಗಿ. ಕೇರಳವು 2017ರಲ್ಲಿ ಆರಂಭಿಸಿದ ಆರ್ದ್ರಂ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರಗಳಾಗತೊಡಗಿದವು. ಮಧ್ಯಾಹ್ನದ ಮೇಲೂ ವೈದ್ಯರು ಸಿಗಬೇಕೆಂಬುದು ಅದರ ಉದ್ದೇಶ. ಪ್ರೆಶರ್, ಸಕ್ಕರೆ ಕಾಯಿಲೆ ಅಲ್ಲೇ ಹತೋಟಿಗೆ ಬಂದರೆ ಪಾರ್ಶ್ವವಾಯು, ಡಯಾಲಿಸಿಸ್‌ಗಳ ಭಯ ಕಡಿಮೆಯಾಗುತ್ತದೆ. ಐದು ಲಕ್ಷದ ಕಾರ್ಡು ಪೆಟ್ಟಿಗೆಯಲ್ಲೇ ಉಳಿದರೆ ಅದಕ್ಕಿಂತ ದೊಡ್ಡ ಲಾಭವಿಲ್ಲ.

ಈ ಕೇಂದ್ರಗಳ ಆಡಳಿತ ಗ್ರಾಮ ಪಂಚಾಯತಿನ ಕೈಯಲ್ಲಿದೆ. ಆದ್ದರಿಂದ ಮುಂದಿನ ಗ್ರಾಮಸಭೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಹೋಗಿ ಮೂರು ಪ್ರಶ್ನೆ ಕೇಳೋಣ: ತಿಂಗಳ ಕೊನೆಯವರೆಗೂ ಮಾತ್ರೆ ಉಳಿಯುತ್ತದೆಯೇ? ಮಧ್ಯಾಹ್ನ ವೈದ್ಯರು ಇರುತ್ತಾರೆಯೇ? ಮಲಯಾಳ ತಿಳಿಯದ ಹಿರಿಯರಿಗೆ ಮಾತ್ರೆ ಯಾವಾಗ ತಿನ್ನಬೇಕೆಂದು ಕನ್ನಡದಲ್ಲಿ ಹೇಳುವವರು ಇದ್ದಾರೆಯೇ?

ಕಾರ್ಡನ್ನೂ ಕಡೆಗಣಿಸಬೇಡಿ. ಮನೆಯವರೆಲ್ಲರ ಹೆಸರು ಸೇರಿದೆಯೇ ನೋಡಿಕೊಳ್ಳಿ. ಗಡಿಯಾಚೆಯ ಆಸ್ಪತ್ರೆಗೆ ಹೊರಡುವ ಮುಂಚೆ, ಆ ಚಿಕಿತ್ಸೆಗೆ ನಿಮ್ಮ ಕಾರ್ಡು ನಡೆಯುತ್ತದೆಯೇ ಎಂದು ಫೋನು ಮಾಡಿ ಕೇಳಿ. ಓದು ಬಾರದ ನೆರೆಯವರಿದ್ದರೆ ಅವರ ಕಾರ್ಡನ್ನೂ ಒಮ್ಮೆ ನೋಡಿಕೊಡಿ. ಅದಕ್ಕೆ ಹತ್ತು ನಿಮಿಷ ಸಾಕು.