ಲೆವಿ ಕಟ್ಟಲ್ಲ ಅಂದ ನೆಲ, ಬೀಗರ ಲೆವಿ ಯಾಕೆ ಕಟ್ಟುತ್ತಿದೆ?

ಈ ಬೇಸಿಗೆಯಲ್ಲಿ ನಾವು ನಾಲ್ವರು ನರಗುಂದ ತಾಲ್ಲೂಕಿನ ಒಂದು ಹಳ್ಳಿಯ ಮದುವೆಗೆ ಹೋಗಿದ್ದೆವು. ಊರ ಹೆಸರು ಹೇಳುವುದಿಲ್ಲ. ಅದು ನಿಮ್ಮ ಊರೂ ಆಗಿರಬಹುದು.

ಹಂದರ ಹಾಕಲು ಓಣಿಯ ಹುಡುಗರೆಲ್ಲ ಬಂದಿದ್ದರು. ಅಕ್ಕಪಕ್ಕದ ಮನೆಯ ಅವ್ವಂದಿರು ವಾರಗಟ್ಟಲೆ ಮೊದಲೇ ಶ್ಯಾವಿಗೆ, ಹಪ್ಪಳ, ಸಂಡಿಗೆ ಮಾಡಿಟ್ಟಿದ್ದರು. ಸುರಗಿ ಸುತ್ತುವಾಗ ಮುತ್ತೈದೆಯರ ಹಾಡು. ಆಮೇಲೆ ಆಯೇರಿ. ಇವತ್ತು ನೀವು ಕೊಟ್ಟಿದ್ದು ನಾಳೆ ನಿಮ್ಮ ಮನೆ ಮದುವೆಗೆ ತಿರುಗಿ ಬರುತ್ತದೆ. ಬಡ್ಡಿ ಇಲ್ಲದ ಬ್ಯಾಂಕು ಅದು. ಇಂಥ ಸಂಪ್ರದಾಯಕ್ಕೆ ನಾವು ಕೈ ಮುಗಿಯುತ್ತೇವೆ.

ಆದರೆ ಮದುಮಗಳ ಅಪ್ಪ ಎರಡು ಎಕರೆ ಎರಿ ಹೊಲ ಅಡವಿಟ್ಟಿದ್ದು ಶ್ಯಾವಿಗೆಗಲ್ಲ. ವರನಿಗೆ ಬಂಗಾರ, ಬೈಕು. ಬೀಗರ ಕಡೆಯವರು ಕೇಳಿದ ಡಿಜೆ, ಡ್ರೋನ್ ಕ್ಯಾಮೆರಾ. ಹೆಸರು, ಕಡಲೆ ಬೆಳೆದು ಆ ಸಾಲ ಯಾವಾಗ ತೀರಬೇಕು?

'ಇದು ಹಿಂದಿನಿಂದ ಬಂದ ಪದ್ಧತಿ' ಅಂತಾರೆ. ಯಾವ ಅಜ್ಜನ ಮದುವೆಯಲ್ಲಿ ಡ್ರೋನ್ ಹಾರಿತ್ತು? 'ಅವರೇ ಖುಷಿಯಿಂದ ಕೊಟ್ಟರು' ಅಂತಾರೆ. ಹೊಲ ಅಡವಿಟ್ಟು ಯಾರೂ ಖುಷಿಪಡುವುದಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ. ಅದರ ಪ್ರಕಾರ ವರದಕ್ಷಿಣೆ ಕೊಡುವುದೂ ಅಪರಾಧ, ತಗೊಳ್ಳುವುದೂ ಅಪರಾಧ. ಕನಿಷ್ಠ 5 ವರ್ಷ ಜೈಲು. ಇದು ಹಂದರದಲ್ಲಿ ಕೂತ ಹಿರಿಯರಿಗೆಲ್ಲ ಗೊತ್ತು. ಆದರೂ ಮಾತುಕತೆಗೆ ಮುಂದೆ ಕೂಡುವವರು ಅವರೇ.

'ಸಾಮೂಹಿಕ ಮದುವೆ ಇದೆಯಲ್ಲ?' ಅನ್ನಬಹುದು. ಇದೆ. ಧರ್ಮಸ್ಥಳದಲ್ಲಿ 1972ರಿಂದ ನಡೆದಿದೆ. ನಮ್ಮ ಕಡೆ ಮಠಗಳಲ್ಲಿ, ಜಾತ್ರೆಗಳಲ್ಲಿ ನಡೆಯುತ್ತದೆ. ಆದರೆ ಅಲ್ಲಿ ವೇದಿಕೆ ಮೇಲೆ ನಿಂತು ಅಕ್ಷತೆ ಹಾಕಿ, ಸರಳ ಮದುವೆ ಬಗ್ಗೆ ಭಾಷಣ ಮಾಡುವವರು ತಮ್ಮ ಮಕ್ಕಳ ಮದುವೆಯನ್ನು ದೊಡ್ಡ ಕಲ್ಯಾಣ ಮಂಟಪದಲ್ಲಿ ಮಾಡುತ್ತಾರೆ. ಅದಕ್ಕೇ ಸಾಮೂಹಿಕ ಮದುವೆ ಅಂದರೆ ಬಡವರ ಮದುವೆ ಅನ್ನುವ ಹೆಸರು ಬಿದ್ದಿದೆ. ಆ ಹೆಸರಿಗೆ ಅಂಜಿಯೇ ಬಡವ ಸಾಲ ಮಾಡುತ್ತಾನೆ.

ಕುವೆಂಪು ಬರೀ ಭಾಷಣ ಮಾಡಲಿಲ್ಲ. 1966ರಲ್ಲಿ ತಮ್ಮ ಮಗ ತೇಜಸ್ವಿಯ ಮದುವೆಯನ್ನೇ ಮಂತ್ರಮಾಂಗಲ್ಯದಲ್ಲಿ ಸರಳವಾಗಿ ಮಾಡಿ ತೋರಿಸಿದರು. ನಾವು ಕೇಳುವುದೂ ಇಷ್ಟೇ. ಪಂಚಾಯ್ತಿ ಸದಸ್ಯರೇ, ಮುಖಂಡರೇ, ನೌಕರಿಯಲ್ಲಿರುವ ಅಣ್ಣಂದಿರೇ, ಮುಂದಿನ ಸಾಮೂಹಿಕ ಮದುವೆಯಲ್ಲಿ ಮೊದಲ ಜೋಡಿ ನಿಮ್ಮ ಮನೆಯದಾಗಲಿ. ಊರು ತಾನೇ ಹಿಂದೆ ಬರುತ್ತದೆ.

1980ರ ಜುಲೈ 21 ನೆನಪಿಸಿಕೊಳ್ಳಿ. ಮಲಪ್ರಭೆಯ ನೀರಿನ ಹೆಸರಲ್ಲಿ ಬೆಟರ್‌ಮೆಂಟ್ ಲೆವಿ ಕಟ್ಟಿ ಅಂದಾಗ ಈ ನೆಲದ ರೈತರು ಕಟ್ಟಲ್ಲ ಅಂದರು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಜೀವ ಕೊಟ್ಟರು. ಸರ್ಕಾರಕ್ಕೇ ಆಗಲ್ಲ ಅಂದವರ ಮಕ್ಕಳು, ಮೊಮ್ಮಕ್ಕಳು ನಾವು. ಬೀಗರಿಗೆ ಆಗಲ್ಲ ಅನ್ನಲು ಅಷ್ಟು ಧೈರ್ಯವೂ ಬೇಕಿಲ್ಲ. ಹಂದರದಲ್ಲಿ ಕೂತ ನಾಲ್ಕು ಹಿರಿಯರು ಬಾಯಿ ಬಿಟ್ಟರೆ ಸಾಕು.